ಹಂಡೆಯ ಸಿಂಬಿ

ತಿಪಟೂರು ತಾಲ್ಲೂಕಿನಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧಕ್ಕರ್ಧ ಜನ ತನ್ನ ಚಾಚಿದ ಕಾಲಿನ ಮೇಲೆ ಅಂಗಾತ ಬಿದ್ದುಕೊಂಡು, ಕಿರುಚಿಕೊಂಡು, ನೀರು ಹುಯ್ಸಿಕೊಂಡವರೇ ಎಂದು ಲಕ್ಷ್ಮೀಕಾಂತಮ್ಮ ಹೇಳುತ್ತಿದ್ದಳು.

"ನೂರೆಂಟು ಬಾಣಂತನ ಮಾಡೀನಿ ಕಣೆ ಹೇಮಾಕ್ಷಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

ಪಕ್ಕದ ಕ್ವಾರ್ಟರ್ಸಿನ ಹೇಮಾಕ್ಷಿ ಕಾಂಪೌಂಡಿನ ಆಚೆ ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತಿದಳು. "ನೂರೆಂಟೇ ಅಜ್ಜಿ?"

"ಅರ್ಧ ಸುಳ್ಳು ಅಂತ್ಲೇ ಇಟ್ಕೊ. ಐವತ್ನಾಲ್ಕು."

"ಐವತ್ನಾಲ್ಕೂ ನೀವೊಬ್ರೇ ಮಾಡಿದ್ರಾ?"

"ನೀನೊಳ್ಳೆ ಠಾಣೆಲಿ ಕೇಳ್ದಂಗೆ ಕೇಳ್ತೀಯಲ್ಲೇ! ಹನ್ನೊಂದು. ಅದ್ರಾಗೆ ನಾಲ್ಕು ನಂದೇ. ಸಾಕಾ?"

ಹನ್ನೆರಡನೆಯದು ಮೊಮ್ಮಗಳು ಅಮೂಲ್ಯಳದು. ಅದೊಂದನ್ನು ಮುಗಿಸಿಬಿಟ್ಟರೆ ಯಮ ಬಂದು ಬಾಗಿಲು ತಟ್ಟಿದರೂ ಕಾಫಿ ಕೊಟ್ಟು ಅವನ ಜೊತೆಗೇ ಹೊರಟುಬಿಡುತ್ತೇನೆ ಎಂದು ಆಕೆ ಮನೆಯವರಿಗೆಲ್ಲ ತಿಳಿಸಿಯಾಗಿತ್ತು.

ಮಗ ಕೇಶವಮೂರ್ತಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಇಪ್ಪತ್ತು ವರ್ಷದಿಂದ ಟೌನ್‌ಶಿಪ್ಪಿನಲ್ಲೇ ವಾಸ. ಗಂಡ ಹೋದ ಮೇಲೆ ಲಕ್ಷ್ಮೀಕಾಂತಮ್ಮ ತಿಪಟೂರು ಬಿಟ್ಟು ಮಗನ ಮನೆಗೆ ಬರುವಾಗ ಹಟ ಮಾಡಿ ತಂದದ್ದು ಎರಡೇ ಸಾಮಾನು, ಒಂದು ತಗಡಿನ ಟ್ರಂಕು, ಒಂದು ತಾಮ್ರದ ಹಂಡೆ. ರೈಲಿನಲ್ಲಿ ಹಂಡೆಗೂ ಟಿಕೆಟ್ ಕೇಳಿದರು ಎಂದು ಆಕೆ ಹೇಳುವುದುಂಟು. ಅದು ಮಾತ್ರ ಪೂರ್ತಿ ಸುಳ್ಳು. ಬಂದಾಗಿನಿಂದ ಹಂಡೆ ಗೋಣಿ ಸುತ್ತಿಕೊಂಡು ಅಟ್ಟದಲ್ಲಿ ಕೂತಿತ್ತು. ಬಾಣಂತಿಗೆ ಎರೆಯುವ ದಿನಕ್ಕೆ ಕಾಯುತ್ತಿತ್ತು.

ಅಮೂಲ್ಯಳನ್ನು ಕೊಟ್ಟದ್ದು ವಿಜಯವಾಡದ ಪಟಮಟಕ್ಕೆ. ಗಂಡ ಫಣೀಂದ್ರ ಅಲ್ಲಿಯ ಕಾಲೇಜೊಂದರಲ್ಲಿ ಲೆಕ್ಚರರ್. ಅತ್ತೆ ಸೂರ್ಯಕಾಂತಮ್ಮನ ತಾಯಿ ಬಳ್ಳಾರಿಯವಳು. ಹಾಗಾಗಿ ಆಕೆಗೆ ಕನ್ನಡ ಬರುತ್ತಿತ್ತು, ಆದರೆ ಪ್ರತಿ ಮಾತಿನ ಬಾಲಕ್ಕೂ ಒಂದು ತೆಲುಗಿನ ಚೂರು ಅಂಟಿಕೊಂಡಿರುತ್ತಿತ್ತು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಸೊಸೆಯನ್ನು ತವರಿಗೆ ಕಳಿಸುವಾಗ ಆಕೆ ಜೊತೆಯಲ್ಲಿ ಒಂದು ದಿಂಬನ್ನೂ ಕಳಿಸಿದಳು.

ದಿಂಬು ಎಂದರೆ ಎಂಥ ದಿಂಬು! ಆಳುದ್ದ. ಒಳಗೆಲ್ಲ ಬೂರುಗದ ಹತ್ತಿ. ಆಟೋದಿಂದ ಇಳಿಸುವಾಗ ಕೇಶವಮೂರ್ತಿ ಅದನ್ನು ಹೆಗಲ ಮೇಲೆ ಹೊತ್ತು ಬಂದ. ಲಕ್ಷ್ಮೀಕಾಂತಮ್ಮ ಬಾಗಿಲಲ್ಲೇ ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರನ್ನೋ ಎತ್ಕೊಂಡು ಬತ್ತಾ ಇದೀಯ? ಅಳಿಯಂದ್ರು ನಡೆಯಾಕೆ ಆಗ್ದಂಗೆ ಆದ್ರಾ?"

"ದಿಂಬಮ್ಮ. ಅಮ್ಮು ಮಗ್ಗುಲಾಗಿ ಮಲಗೋಕೆ. ಹೊಟ್ಟೆ ಕೆಳಗೆ, ಕಾಲು ಮಧ್ಯ ಇಟ್ಕೊಂಡ್ರೆ ಸೊಂಟ ನೋಯಲ್ವಂತೆ."

"ಓಹೋ. ಗಂಡನ್ನ ಅಲ್ಲೇ ಇಟ್ಕೊಂಡು ದಿಂಬು ಕಳ್ಸವ್ಳೆ ಬೀಗಿತ್ತಿ."

"ಅಜ್ಜೀ!" ಎಂದು ಅಮೂಲ್ಯ ಕೆಂಪಾದಳು. ಸೊಸೆ ವಾಸಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆದರೆ ಲಕ್ಷ್ಮೀಕಾಂತಮ್ಮನಿಗೆ ಆ ದಿಂಬಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಅಮೂಲ್ಯ ಸ್ನಾನಕ್ಕೆ ಹೋದರೆ ಹೋಗಿ ಒತ್ತಿ ನೋಡುವಳು. ಒಂದು ಮಧ್ಯಾಹ್ನ ವಾಸಂತಿ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ, ಮುದುಕಿ ದಿಂಬನ್ನು ತಬ್ಬಿಕೊಂಡು ಒಂದು ಕಾಲು ಅದರ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಳು.

"ಅತ್ತೆ, ನಿಮಗೆಷ್ಟು ತಿಂಗಳು?" ಎಂದಳು ವಾಸಂತಿ.

"ಪರೀಕ್ಷೆ ಮಾಡ್ತಿದ್ದೆ ಕಣೆ. ಹುಳ ಗಿಳ ಇದ್ರೆ?" ಎಂದು ಮುದುಕಿ ಎದ್ದು ಕೂತಳು. "ನಲವತ್ತು ವರ್ಷದಿಂದ ಇಂಥ ನಿದ್ದೆ ಬಂದಿರಲಿಲ್ಲ. ಹುಳ ಇಲ್ಲ."

ದಿಂಬಿನ ಹಿಂದೆಯೇ ಹೆರಿಗೆಯಾದ ಮೇಲೆ ಹೊಟ್ಟೆಗೆ ಕಟ್ಟುವ ಬೆಲ್ಟು ಬಂತು. ಅದು ಎಳೆದರೆ ಬರುವ, ಬಿಟ್ಟರೆ ಅಂಟುವ ಬೆಲ್ಟು. "ಹೊಟ್ಟೆ ಕಟ್ಟಾಕೆ ಹಳೆ ಪಂಚೆ ಸಾಲ್ದಾ? ಇದೇನು ಕುದುರೆಗೆ ಕಟ್ಟೋದಾ?" ಎಂದು ಆಡಿಕೊಂಡವಳು ಮೂರನೇ ದಿನ ಅದನ್ನು ತಾನೇ ಸೀರೆಯೊಳಗೆ ಬಿಗಿದುಕೊಂಡು ಜಮಾದಾರನ ಹಾಗೆ ನೆಟ್ಟಗೆ ಓಡಾಡುತ್ತಿದ್ದಳು. ಬಗ್ಗಿದಾಗ ಚರ್ ಎಂದು ಬಿಚ್ಚಿಕೊಂಡು ಸಿಕ್ಕಿಬಿದ್ದಳು.

ಹೆರಿಗೆ ಆಷಾಢದ ಕೊನೆಯಲ್ಲಾಯಿತು. ಹೆಣ್ಣು ಮಗು, ಎರಡು ಕಿಲೋ ಒಂಬೈನೂರು ಗ್ರಾಂ. ಹೊಟ್ಟೆ ಕೊಯ್ಯಲಿಲ್ಲ. ಆದರೆ ಕೆಳಗೆ ಹೊಲಿಗೆ ಬಿತ್ತು, ಒಂದೆರಡಲ್ಲ. ಆಸ್ಪತ್ರೆಗೆ ಬಂದ ಸೂರ್ಯಕಾಂತಮ್ಮ ಮಗುವನ್ನು ಎತ್ತಿಕೊಂಡು ಗಂಟೆಗಟ್ಟಲೆ ನಿಂತೇ ಇದ್ದಳು. ಕುರ್ಚಿ ಹಾಕಿದರೆ "ಪರವಾಗಿಲ್ಲಂಡಿ, ನಿಂತಿದ್ದರೇ ಸುಖ" ಎಂದಳು. ಸಾಯಂಕಾಲದ ರೈಲಿಗೆ ಹೊರಟೂಬಿಟ್ಟಳು.

ಮಾರನೇ ದಿನ ಮಧ್ಯಾಹ್ನ ಫಣೀಂದ್ರ ರತ್ನಾಚಲ್ ರೈಲಿನಲ್ಲಿ ಬಂದಿಳಿದ. ಕೈಯಲ್ಲಿ ತಾಯಿ ಕಟ್ಟಿಕೊಟ್ಟ ದೊಡ್ಡದೊಂದು ಗಂಟು. ಅದನ್ನು ಮನೆಯ ಬಾಗಿಲಲ್ಲಿಟ್ಟು, "ಅಮ್ಮ ಕಳಿಸಿದ್ದಾರೆ ಅಜ್ಜಿ" ಎಂದವನೇ ಹೆಂಡತಿ ಮಗುವನ್ನು ನೋಡಲು ಆಸ್ಪತ್ರೆಗೆ ಓಡಿದ. ಮನೆಯಲ್ಲಿ ಲಕ್ಷ್ಮೀಕಾಂತಮ್ಮ ಒಬ್ಬಳೇ. ಬಾಣಂತಿ ಮನೆಗೆ ಬರುವಷ್ಟರಲ್ಲಿ ಅಂಟಿನುಂಡೆ ಕಟ್ಟಿಡಬೇಕೆಂದು ತಿಪಟೂರಿನ ಕೊಬ್ಬರಿ ತುರಿದು, ಅನಕಾಪಲ್ಲಿ ಬೆಲ್ಲ ಪುಡಿ ಮಾಡಿಕೊಂಡು ಕೂತಿದ್ದಳು. ಉಂಡೆ ಅಲ್ಲಿಗೇ ನಿಂತಿತು. ಗಂಟು ಬಿಚ್ಚಿದಳು.

ಮುಂದೆ ಜಿಪ್ಪಿರುವ ಎರಡು ನೈಟಿ. ಬಿಸಿನೀರು ತುಂಬಿಸುವ ರಬ್ಬರಿನ ಚೀಲ. ತೆಲುಗಿನಲ್ಲಿ ಏನೋ ಬರೆದ ಚೀಟಿ. ಆಕೆಗೆ ಕನ್ನಡದ ಅಕ್ಷರಗಳೇ ಅಷ್ಟಕ್ಕಷ್ಟೆ, ತೆಲುಗಿನದು ಎಲ್ಲಿಂದ ಬರಬೇಕು? ಚೀಟಿಯಲ್ಲಿ ಬಜೆಯ ಕೊಂಬು ಸುತ್ತಿಟ್ಟಳು. ಕೊನೆಗೆ ಕೈಗೆ ಬಂದದ್ದು ಕೆಂಪು ರಬ್ಬರಿನ ಒಂದು ಬಳೆ. ತೋಳಿಗಲ್ಲ, ಆನೆಯ ಕಾಲಿಗೆ ಹಾಕುವಂಥದ್ದು. ಒಳಗೆ ಗಾಳಿ ತುಂಬಿ ಕೊಬ್ಬಿತ್ತು, ನಡುವೆ ತೂತು.

ಮುದುಕಿ ಅದನ್ನು ತಿರುಗಿಸಿ ನೋಡಿದಳು. ಮೂಸಿ ನೋಡಿದಳು. ತಲೆಯ ಮೇಲಿಟ್ಟುಕೊಂಡು ಕನ್ನಡಿಯಲ್ಲಿ ನೋಡಿದಳು. ಆಮೇಲೆ ಹೊಳೆಯಿತು. "ಸಿಂಬಿ! ಅಬ್ಬಬ್ಬಾ, ಬೀಗಿತ್ತಿಗೆ ಏನು ಬುದ್ಧಿ! ಹಂಡೆಗೆ ಸಿಂಬಿ ಕಳ್ಸವ್ಳೆ!"

ಆಕೆಯ ತಪ್ಪೂ ಅಲ್ಲ. ಹಂಡೆಯ ಬುಡ ದುಂಡು. ತಿಪಟೂರಿನಲ್ಲಿ ಅದು ಒಲೆಯ ಮೇಲೆ ಕೂತಿರುತ್ತಿತ್ತು. ಈ ಕ್ವಾರ್ಟರ್ಸಿನ ಬಚ್ಚಲಲ್ಲಿ ಒಲೆಯೆಲ್ಲಿ? ಬರೀ ನುಣುಪು ನೆಲ. ಗ್ಯಾಸಿನ ಮೇಲೆ ನೀರು ಕಾಯಿಸಿ ತಂದು ಹಂಡೆಗೆ ಸುರಿಯಬೇಕು, ಸುರಿದರೆ ಹಂಡೆ ಕುಡಿದವನ ಹಾಗೆ ಓಲಾಡುತ್ತದೆ. ಬಟ್ಟೆಯ ಸಿಂಬಿ ಇಟ್ಟರೆ ನೆನೆದು ಕುಸಿಯುತ್ತದೆ. ಎರಡು ದಿನದಿಂದ ಆಕೆಗೆ ಅದೇ ಯೋಚನೆ. ಕೆಂಪು ಸಿಂಬಿಯ ಮೇಲೆ ಹಂಡೆ ಇಟ್ಟಳು. ಸಿಂಹಾಸನದ ಮೇಲೆ ಮಹಾರಾಜ ಕೂತ ಹಾಗೆ ಕೂತಿತು.

ಐದನೇ ದಿನ ಮೊದಲ ಎರೆಯುವಿಕೆ. ಎಣ್ಣೆ ಹಚ್ಚಿ, ಬೆನ್ನಿಗೆ ಸೊಂಟಕ್ಕೆ ಬಿಸಿ ಬಿಸಿ ನೀರು ದಬದಬ ಎರೆದು, ಅಮೂಲ್ಯಳ ತಲೆಗೆ ಬಟ್ಟೆ ಸುತ್ತಿ ಒಳಗೆ ಸಾಂಬ್ರಾಣಿ ಹೊಗೆಗೆ ಕಳಿಸಿದ್ದಾಯಿತು. ಮಗುವಿನ ಬಟ್ಟೆ ತೊಳೆಯಲು ಇನ್ನೊಂದು ಪಾತ್ರೆ ಕುದಿಯುವ ನೀರನ್ನು ತಂದು ಹಂಡೆಗೆ ಹುಯ್ದಳು ನೋಡಿ, ಕೆಳಗಿನಿಂದ ನಾಗರಹಾವು ಬುಸುಗುಟ್ಟಿದ ಹಾಗೆ ಸದ್ದು. ಹಂಡೆ ಒಂದು ಕಡೆ ವಾಲಿತು, ಆಮೇಲೆ ಪೂರ್ತಿ ಮಗುಚಿತು. ವಿಶಾಖಪಟ್ಟಣದ ಸಮುದ್ರವೇ ಬಚ್ಚಲೊಳಗೆ ಬಂದ ಹಾಗಾಯಿತು. ಕೇಶವಮೂರ್ತಿಯ ಹವಾಯಿ ಚಪ್ಪಲಿ ತೇಲಿಕೊಂಡು ಹಜಾರ ದಾಟಿತು.

"ಏನತ್ತೆ ಅದು?" ಅಡುಗೆ ಮನೆಯಿಂದ ವಾಸಂತಿ ಓಡಿ ಬಂದಳು.

"ಹಂಡೆ ಜಾರ್ತು."

"ಸುಟ್ಕೊಂಡ್ರಾ?"

"ನನ್ನ ಸುಡೋ ನೀರು ಇನ್ನೂ ಹುಟ್ಟಿಲ್ಲ, ಹೋಗು."

ಹಂಡೆಯ ಕೆಳಗಿಂದ ಚಪ್ಪಟೆಯಾದ ಕೆಂಪು ಬಳೆಯನ್ನು ಎಳೆದು ಸೆರಗಿನೊಳಗೆ ಇಟ್ಟುಕೊಂಡದ್ದನ್ನು ಮಾತ್ರ ಸೊಸೆ ನೋಡಲಿಲ್ಲ. ಅದು ಹೋಗಿ ಟ್ರಂಕಿನ ತಳ ಸೇರಿತು. ಒಂದು ಸಿಂಬಿ ತಾನೆ, ಹೋದರೆ ಹೋಯಿತು ಎಂದುಕೊಂಡಳು ಲಕ್ಷ್ಮೀಕಾಂತಮ್ಮ.

ಎರಡು ದಿನ ಕಳೆದು ಸೂರ್ಯಕಾಂತಮ್ಮನ ಫೋನು ಬಂತು. ಆಕೆ ಫೋನಿನಲ್ಲಿ ಮಾತಾಡಿದರೆ ಪಟಮಟದಿಂದ ಟೌನ್‌ಶಿಪ್ಪಿಗೆ ಫೋನಿನ ಅಗತ್ಯವೇ ಇರುತ್ತಿರಲಿಲ್ಲ. ಹಜಾರದಲ್ಲಿ ಕೂತವರಿಗೆಲ್ಲ ಕೇಳಿತು.

"ವಾಸಂತಿಗಾರು, ಆ ರಬ್ಬರ್ ರಿಂಗು ಉಪಯೋಗ ಆಯ್ತಾ? ಅದರ ಮೇಲೆ ಕೂತರೆ ಹೊಲಿಗೆಗೆ ನೆಲ ತಾಗೋದಿಲ್ಲಂಡಿ. ನೊಪ್ಪಿ ಇರೋದಿಲ್ಲ. ಆರಾಮಾಗಿ ಕೂತು ಹಾಲು ಕೊಡಬಹುದು."

"ಯಾವ ರಿಂಗು ವದಿನಗಾರು?"

"ಕೆಂಪು ರಿಂಗು! ಫಣಿ ಕೈಯಲ್ಲಿ ಕಳಿಸಿದೆನಲ್ಲ!"

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಲಕ್ಷ್ಮೀಕಾಂತಮ್ಮನ ಕೈ ನಿಂತಿತು. ಕೂರೋದಾ? ಅದರ ಮೇಲೆ ಕೂರೋದಾ?

ವಾಸಂತಿ ಮನೆಯೆಲ್ಲ ಹುಡುಕಿದಳು. "ಅತ್ತೆ, ಗಂಟು ಬಿಚ್ಚಿದ್ದು ನೀವಲ್ವಾ? ಕೆಂಪಗೆ ಏನಾದ್ರೂ ಇತ್ತಾ?"

ಇತ್ತು ಎನ್ನಲು ಬಾಯಿ ತೆರೆದಳು. ನೂರೆಂಟು ಬಾಣಂತನದ ಲಕ್ಷ್ಮೀಕಾಂತಮ್ಮ ಬಾಣಂತಿ ಕೂರುವ ಆಸನದ ಮೇಲೆ ಹಂಡೆ ಕೂರಿಸಿದಳಂತೆ ಎಂದು ಟೌನ್‌ಶಿಪ್ಪೆಲ್ಲ ನಗುವುದು ಕಿವಿಗೆ ಕೇಳಿಸಿತು. ತೆರೆದ ಬಾಯಿಂದ ಬೇರೆಯೇ ಮಾತು ಬಂತು. "ನೈಟಿ ಕೆಂಪಗಿತ್ತಪ್ಪ."

ತಪ್ಪು ಫಣೀಂದ್ರನ ತಲೆಗೆ ಬಂತು. ರೈಲಿನಲ್ಲಿ ಟವೆಲ್ ತೆಗೆಯಲು ಅವನು ಗಂಟು ಬಿಚ್ಚಿದ್ದನಂತೆ. ತಾಯಿ ಬೈದಳು, ಹೆಂಡತಿ ಬೈದಳು, ಮಾವ ಮೌನವಾಗಿದ್ದು ಬೈದ. ಪಾಪ, ಮೊದಲ ದಿನ ಇಲ್ಲವೇ ಇಲ್ಲ ಎಂದವನು ಮೂರನೇ ದಿನದ ಹೊತ್ತಿಗೆ "ಕಿಟಕಿ ಪಕ್ಕ ಇಟ್ಟಿದ್ದೆ ಅನ್ಸುತ್ತೆ, ತುನಿ ಸ್ಟೇಷನ್ನಿನವರೆಗೂ ನೋಡಿದ ನೆನಪು" ಎಂದು ಒಪ್ಪಿಕೊಂಡುಬಿಟ್ಟ.

ಇತ್ತ ಅಮೂಲ್ಯಳಿಗೆ ಕೂರಲಾಗುತ್ತಿರಲಿಲ್ಲ. ಮಂಚದ ಅಂಚಿಗೆ ಒಂದು ತೊಡೆ ಊರಿ ಮಗುವನ್ನು ಎದೆಗೆ ಹಚ್ಚಿಕೊಂಡರೆ ಎರಡು ನಿಮಿಷಕ್ಕೆ ತುಟಿ ಕಚ್ಚಿಕೊಂಡು ಏಳುವಳು. ಗೋಡೆಗೆ ಒರಗಿ ನಿಂತು ಕುಡಿಸುವಳು, ತೊಡೆ ನಡುಗಿದರೆ ಬಿಡಿಸುವಳು. ಮಲಗಿ ಕುಡಿಸಿದರೆ ಮಗು ಬಾಯಿಗೆ ಸಿಗದೆ ಅಳುವುದು.

"ಸಾಕು, ಕುಡಿದಳು" ಎನ್ನುವಳು ಅಮೂಲ್ಯ.

"ಏನು ಕುಡಿದಳು? ಗುಬ್ಬಿ ಇದಕ್ಕಿಂತ ಜಾಸ್ತಿ ಕುಡೀತದೆ" ಎನ್ನುವಳು ವಾಸಂತಿ.

"ನೊಪ್ಪಿ ಅಮ್ಮ!"

"ನೋವು ಅನ್ನೆ, ನೊಪ್ಪಿ ಅಂದ್ರೆ ಕಮ್ಮಿ ಆಗ್ತದಾ?" ಎಂದು ಅಜ್ಜಿ ತಮಾಷೆಗೆ ಹೇಳಿದಳು. ಯಾರೂ ನಗಲಿಲ್ಲ.

ಹತ್ತನೇ ದಿನ ಮಗುವನ್ನು ತೂಕ ಹಾಕಿಸಿದರು. ಎರಡು ಕಿಲೋ ಆರುನೂರು. ಹುಟ್ಟಿದಾಗಿನದಕ್ಕಿಂತ ಮುನ್ನೂರು ಗ್ರಾಂ ಕಮ್ಮಿ. ಇನ್ನು ಹತ್ತು ದಿನ ನೋಡೋಣ, ಏರದಿದ್ದರೆ ಡಬ್ಬಿ ಹಾಲು ಶುರು ಮಾಡಿ ಎಂದರು ಡಾಕ್ಟರು. ಬಾಣಂತಿಗೆ ಚೆನ್ನಾಗಿ ನೀರು ಕುಡಿಸಿ ಎಂದೂ ಹೇಳಿದರು.

ಸುದ್ದಿ ಪಟಮಟಕ್ಕೆ ಮುಟ್ಟಿತು. ಫೋನಿನಲ್ಲಿ ಸೂರ್ಯಕಾಂತಮ್ಮ ಈ ಸಲ ಮೆಲ್ಲಗೆ ಮಾತಾಡಿದಳು. ಹೆದರಿಕೆ ಹುಟ್ಟಿಸಿದ್ದು ಅದೇ. "ತಪ್ಪು ತಿಳೀಬೇಡಿ ವಾಸಂತಿಗಾರು. ಇಪ್ಪತ್ತೊಂದನೇ ದಿನ ಬಾರಸಾಲಕ್ಕೆ, ಅದೇ ನಾಮಕರಣಕ್ಕೆ, ಬರ್ತೀನಿ. ಅಷ್ಟರಲ್ಲಿ ಮಗು ತೂಕ ಬರದಿದ್ದರೆ ತಾಯಿ ಮಗೂನ ನಾನೇ ಕರ್ಕೊಂಡು ಹೋಗ್ತೀನಿ. ನಮ್ಮಲ್ಲಿ ಆಯಾ ಇದ್ದಾಳೆ, ಕುರ್ಚಿ ಥರದ ಟಾಯ್ಲೆಟ್ ಇದೆ."

ವಾಸಂತಿ ಫೋನಿಟ್ಟು ಅಡುಗೆ ಮನೆಗೆ ಬಂದು ಕೂತುಬಿಟ್ಟಳು. ಚೊಚ್ಚಲ ಬಾಣಂತಿ ಐದು ತಿಂಗಳಾದರೂ ತವರಿನಲ್ಲಿರಬೇಕು. ತೊಟ್ಟಿಲಿಗೆ ಹಾಕಿದ ದಿನವೇ ಬೀಗರು ಕರೆದುಕೊಂಡು ಹೋದರೆಂದರೆ ತವರಿನವರಿಗೆ ಕೈಲಾಗಲಿಲ್ಲ ಎಂದೇ ಅರ್ಥ.

"ಎಲ್ಲ ನಿಮ್ಮಿಂದ ಅತ್ತೆ" ಎಂದಳು. "ನೀರು ಕುಡಿದ್ರೆ ಬಾಣಂತಿಗೆ ಶೀತ, ಸೊಪ್ಪು ತಿಂದ್ರೆ ಮಗೂಗೆ ಭೇದಿ ಅಂತೀರಿ. ಮೂರು ಹೊತ್ತೂ ಮೆಣಸಿನ ಸಾರು, ಬೆಳ್ಳುಳ್ಳಿ! ಅವಳಿಗೆ ಹೊರಕಡೆಗೆ ಹೋಗೋಕೂ ಆಗ್ತಿಲ್ಲ. ಮುಕ್ಕಿದ್ರೆ ಹೊಲಿಗೆ ಎಳೆಯುತ್ತೆ ಅಂತ ಹುಡುಗಿ ಬಚ್ಚಲಲ್ಲಿ ಅಳ್ತಾಳೆ."

"ನಂಗೆ ಯಾರೂ ಹೇಳ್ಲಿಲ್ಲ."

"ನೀವು ಕೇಳಿದ್ದು ಯಾವಾಗ?"

"ನನ್ನ ಕಾಲದಾಗೆ..."

"ನಿಮ್ಮ ಕಾಲದ ವಿಷಯ ಬೇಡ! ಆ ರಿಂಗ್ ಒಂದು ಇದ್ದಿದ್ರೆ ಎಷ್ಟೋ ಆಗ್ತಿತ್ತು. ಅದನ್ನೂ ಅಳಿಯಂದ್ರು ರೈಲಲ್ಲಿ ಬಿಟ್ಟು ಬಂದ್ರು."

ಕೇಶವಮೂರ್ತಿ ಊಟದ ತಟ್ಟೆಯಿಂದ ತಲೆ ಎತ್ತಿದ. "ಮೆಡಿಕಲ್ ಶಾಪಲ್ಲಿ ಕೇಳ್ದೆ. ಆರ್ಡರ್ ಹಾಕಿದಾನೆ, ವಾರ ಆಗುತ್ತಂತೆ. ಸಿಟಿಗೆ ಹೋಗೋಣ ಅಂದ್ರೆ ಪ್ಲಾಂಟಲ್ಲಿ ರಿಪೇರಿ ನಡೀತಿದೆ, ರಜ ಕೊಡಲ್ಲ. ಭಾನುವಾರ ಹೋದ್ರೆ ಅಂಗಡಿಯೆಲ್ಲ ಬಾಗಿಲು."

ಲಕ್ಷ್ಮೀಕಾಂತಮ್ಮ ಎದ್ದು ಹೋದಳು. ಆಕೆ ಮಾತಿಗೆ ಮಾತು ಕೊಡದೆ ಎದ್ದು ಹೋದದ್ದು ಆ ಮನೆಯಲ್ಲಿ ಅದೇ ಮೊದಲು. ಐದು ನಿಮಿಷ ಬಿಟ್ಟು ಒಂದು ಚೊಂಬು ಜೀರಿಗೆ ಕುದಿಸಿದ ನೀರನ್ನು ಅಮೂಲ್ಯಳ ಮುಂದೆ ಕುಕ್ಕಿದಳು.

"ಕುಡಿ."

"ನೀರು ಬೇಡ ಅಂದಿದ್ದೆಯಲ್ಲ ಅಜ್ಜಿ?"

"ನೂರೆಂಟ್ರಾಗೆ ಒಂದು ತಪ್ಪು ಹೇಳೋ ಹಕ್ಕು ನಂಗೂ ಐತೆ. ಕುಡಿ. ಅಮ್ಮನ್ನ ಕೇಳಿ ಸಬ್ಬಸಿಗೆ ಸೊಪ್ಪಿನ ಪಲ್ಯನೂ ಹಾಕಿಸ್ಕೊ."

ಅವತ್ತು ಮಧ್ಯಾಹ್ನ ಹಾಲಿನವನು ಬಂದಾಗ ಅವನ ಸೈಕಲ್ಲಿಗೆ ಅಡ್ಡ ನಿಂತು ನಾಳೆ ಒಂದು ಹೊರೆ ಭತ್ತದ ಹುಲ್ಲು ತಂದುಕೊಡು ಎಂದಳು. ತನ್ನ ಕನ್ನಡಕ್ಕೆ ತೆಲುಗಿನ ನಾಲ್ಕು ಮಾತು ಸೇರಿಸಿ, ಮಿಕ್ಕದ್ದನ್ನು ಕೈಯಲ್ಲಿ ತೋರಿಸಿದಳು. ಮನೆಯಲ್ಲಿ ಹಸುವಿದೆಯೇ ಎಂದು ಅವನು ನಕ್ಕ. ಹುಲ್ಲು ಬಂತು. ಮುದುಕಿ ಹಿತ್ತಲಲ್ಲಿ ಕಾಲು ಚಾಚಿ ಕೂತು, ಹುಲ್ಲಿಗೆ ನೀರು ಚಿಮುಕಿಸಿ, ತೋಳು ದಪ್ಪದ ಹುರಿ ಹೊಸೆದಳು. ಅದನ್ನು ಬಳೆಯ ಹಾಗೆ ಸುತ್ತಿ ಬಿಗಿದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ಆಳುದ್ದದ ದಿಂಬಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಬೂರುಗದ ಹತ್ತಿಯನ್ನು ಮುಷ್ಟಿ ಮುಷ್ಟಿ ಕಿತ್ತು ಹುರಿಯ ಮೇಲೆ ಹಾಸಿದಳು. ಅದರ ಮೇಲೆ ತನ್ನ ಹಳೇ ನೂಲಿನ ಸೀರೆ, ಒಗೆದು ಒಗೆದು ಮಗುವಿನ ಕೆನ್ನೆಯಂತಾದದ್ದು, ಪಟ್ಟಿ ಪಟ್ಟಿ ಹರಿದು ಸುತ್ತಿ ಹೊಲಿದಳು. ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಹೇಮಾಕ್ಷಿ.

"ಏನಜ್ಜಿ ಇದು? ಆನೆ ತಲೆಗೆ ಸಿಂಬಿ ಥರ ಇದೆ."

"ತಲೆಗಲ್ಲ ಕಣೆ. ಬುಡಕ್ಕೆ."

ಸಾಯಂಕಾಲ ಅದನ್ನು ಅಮೂಲ್ಯಳ ಮಂಚದ ಮೇಲಿಟ್ಟಳು. "ಕೂರು."

ಅಮೂಲ್ಯ ಹೆದರಿ ಹೆದರಿ ಒಂದು ಕೈ ಊರಿ ಕೂತಳು. ಮುಖ ಹಿಂಡಲು ತಯಾರಾಗಿದ್ದವಳು ಹಿಂಡಲಿಲ್ಲ. ಇನ್ನೂ ಸ್ವಲ್ಪ ಭಾರ ಬಿಟ್ಟಳು. ಹುಲ್ಲಿನ ಹುರಿ ಕರಕರ ಎಂದು ಅದುಮಿಕೊಂಡಿತು. "ಅಜ್ಜೀ," ಎಂದಳು, "ತಾಗ್ತಿಲ್ಲ."

ವಾಸಂತಿ ಮಗುವನ್ನು ತಂದು ಮಡಿಲಲ್ಲಿ ಇಟ್ಟಳು. ಎರಡು ನಿಮಿಷವಾಯಿತು, ಐದಾಯಿತು, ಇಪ್ಪತ್ತಾಯಿತು. ಮಗುವಿನ ಗಂಟಲು ಗುಟುಕ್ ಗುಟುಕ್ ಎನ್ನುವುದು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

"ಎಲ್ಲಿ ಕಲಿತೆ ಅಜ್ಜಿ ಇದನ್ನ?"

"ನನ್ನ ಬಾಣಂತನಕ್ಕೂ ಸಿಂಬಿ ಇತ್ತು. ನಿಮ್ಮಪ್ಪ ಹುಟ್ಟಿ ಒಂಬತ್ತು ದಿನಕ್ಕೆ. ತಲೆ ಮೇಲೆ. ಅದ್ರ ಮೇಲೆ ಒಂದು ಕೊಡ, ಸೊಂಟದಾಗೆ ಇನ್ನೊಂದು. ನಮ್ಮತ್ತೆ ಇಟ್ಟಿದ್ದು." ಲಕ್ಷ್ಮೀಕಾಂತಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. "ಆಗಿಂದ ಈ ಸೊಂಟ ಹಿಂಗೇಯ. ಅದಕ್ಕೇ ಆ ಬೆಲ್ಟು ಕದ್ದಿದ್ದು, ಶೋಕಿಗಲ್ಲ."

ಮಾರನೇ ಬೆಳಿಗ್ಗೆ ವಾಸಂತಿ ಬೆಲ್ಟನ್ನು ಮಡಿಸಿ ಅತ್ತೆಯ ಟ್ರಂಕಿನ ಮೇಲೆ ಇಟ್ಟಿದ್ದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲರಿಗೂ ಒಂದೇ ಕುತೂಹಲ. ಕೇಶವಮೂರ್ತಿ ಪ್ಲಾಂಟಿನಿಂದ ಬಂದವನೇ ಮಗುವನ್ನು ಎರಡು ಅಂಗೈಯಲ್ಲಿ ಎತ್ತಿ ತೂಗಿ, "ಐವತ್ತು ಗ್ರಾಂ ಏರಿದೆ" ಎನ್ನುವನು. "ನೀನೇನು ಕಬ್ಬಿಣ ತೂಗ್ತೀಯೇನೋ?" ಎಂದು ತಾಯಿ ಕಸಿದುಕೊಳ್ಳುವಳು, ತಾನೂ ತೂಗಿ, "ಅರವತ್ತು" ಎನ್ನುವಳು. ಮೆಡಿಕಲ್ ಶಾಪಿನವನ ರಿಂಗು ಬರಲೇ ಇಲ್ಲ. ಯಾರೂ ಕೇಳಲೂ ಹೋಗಲಿಲ್ಲ.

ಬಾರಸಾಲದ ಹಿಂದಿನ ದಿನ ವಾಸಂತಿ ಹಬ್ಬದ ಪಾತ್ರೆಗಳ ಜೊತೆ ಹಂಡೆಯನ್ನೂ ಹುಣಿಸೆಹಣ್ಣು ಹಾಕಿ ತಿಕ್ಕಲು ಮಗುಚಿದಳು. ಮಗುಚಿದವಳು ಹಾಗೇ ಕೂತಳು. ಹಂಡೆಯ ಬುಡದಲ್ಲಿ ಒಂದು ದುಂಡನೆಯ ಕೆಂಪು ಗೆರೆ. ಉಗುರಿನಿಂದ ಕೆರೆದಳು. ರಬ್ಬರು.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ."

ಲಕ್ಷ್ಮೀಕಾಂತಮ್ಮ ಬಂದಳು.

"ಹಂಡೆ ಬುಡಕ್ಕೆ ಕುಂಕುಮ ಇಟ್ಟೋರು ಯಾರು?"

ಮುದುಕಿ ಹಂಡೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಮಾವಿನ ಮರದ ಮೇಲಿನ ಕಾಗೆಯನ್ನು ನೋಡಿದಳು. ಸಹಾಯಕ್ಕೆ ಯಾರೂ ಬರಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಕಣೆ ವಾಸಂತಿ. ಕೂರೋದು ಅಂತ ದೇವರಾಣೆ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ?"

ಮುದುಕಿ ಹುಣಿಸೆಹಣ್ಣು ಹಿಂಡಿ ಸೊಸೆಯ ಕೈಗೆ ಕೊಟ್ಟಳು. ವಾಸಂತಿ ತುಂಬ ಹೊತ್ತು ಆ ಕೆಂಪು ಗೆರೆಯನ್ನು ತಿಕ್ಕಿದಳು. "ಫಣೀಂದ್ರ ಎರಡು ಸಲ ಸ್ಟೇಷನ್ನಿಗೆ ಹೋಗಿ ಕಳೆದ ಸಾಮಾನಿನ ಆಫೀಸಲ್ಲಿ ನಿಂತು ಬಂದಿದಾನಂತೆ. ನಾನು ಹೇಳಲ್ಲ ಅತ್ತೆ. ನೀವೇ ನೋಡ್ಕೊಳಿ."

ಮಾರನೇ ದಿನದ ಬಾರಸಾಲಕ್ಕೆ ಅವತ್ತೇ ಮಧ್ಯಾಹ್ನ ಸೂರ್ಯಕಾಂತಮ್ಮ ಮಗನ ಜೊತೆ ಬಂದಳು. ಕಾಲು ತೊಳೆದು ಒಳಗೆ ಬಂದವಳ ಕಣ್ಣು ಮೊದಲು ಹೋದದ್ದು ದಿಂಬಿನ ಮೇಲೆ. "ಇದು ಕುಳ್ಳಗಾಗಿದೆಯಲ್ಲಂಡಿ?" ಎಂದಳು. ಆಮೇಲೆ ಸಿಂಬಿಯ ಮೇಲೆ ಪದ್ಮಾಸನ ಹಾಕಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕುರ್ಚಿ ಹಾಕಿದರು. ಅಂಚಿನಲ್ಲಿ ಒಂದೇ ಮಗ್ಗುಲಿಗೆ ಕೂತಳು, ಎರಡು ನಿಮಿಷಕ್ಕೆ ಎದ್ದು ಕಿಟಕಿಯ ಹತ್ತಿರ ನಿಂತಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಮಗು ತಕ್ಕಡಿಯಲ್ಲಿ ಮೂರು ಕಿಲೋ ನೂರು ತೂಗಿತು. ವಾಸಂತಿ ಅಲ್ಲೇ ಕಣ್ಣೊರೆಸಿಕೊಂಡಳು. ತೊಟ್ಟಿಲಿಗೆ ಹಾಕಿ ಚಿನ್ಮಯಿ ಎಂದು ಹೆಸರಿಟ್ಟರು. ಹೋಳಿಗೆ, ಪುಳಿಹೋರ, ಮಾವಿನಕಾಯಿ ಪಪ್ಪು ಮಾಡಿದ್ದರು. ಎಲ್ಲರೂ ಎಲೆಯ ಮುಂದೆ ಕೂತರು, ಲಕ್ಷ್ಮೀಕಾಂತಮ್ಮ ತುಪ್ಪ ಬಡಿಸುತ್ತಿದ್ದಳು.

"ಫಣೀ," ಎಂದಳು ಸೂರ್ಯಕಾಂತಮ್ಮ, "ಆ ರಿಂಗ್ ಕಳೆದದ್ದಕ್ಕೆ ಮಾವಗಾರಿಗೆ, ಅತ್ತಗಾರಿಗೆ ಒಂದು ಕ್ಷಮಾಪಣೆ ಕೇಳು. ಕೂಸು ಎಷ್ಟು ಕಷ್ಟಪಟ್ಟಿತು ನಿನ್ನಿಂದ."

ಫಣೀಂದ್ರ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಾ ಕೂತ. ತುಪ್ಪದ ಮಿಳ್ಳೆ ಅವನ ಎಲೆಯ ಮೇಲೆ ಹಾಗೇ ನಿಂತಿತು. ತುಪ್ಪ ಸುರಿದು, ಹೋಳಿಗೆ ಮುಳುಗಿ, ಪುಳಿಹೋರದ ಕಡೆ ಹರಿಯಿತು.

"ಅಜ್ಜಿ, ಸಾಕು, ಸಾಕು!"

ಲಕ್ಷ್ಮೀಕಾಂತಮ್ಮ ಮಿಳ್ಳೆಯನ್ನು ಕೆಳಗಿಟ್ಟು ಒಳಗೆ ಹೋದಳು. ಟ್ರಂಕು ತೆರೆದ ಸದ್ದು. ಚಪ್ಪಟೆಯಾದ ಕೆಂಪು ರಬ್ಬರನ್ನು ತಂದು ಬೀಗಿತ್ತಿಯ ಎಲೆಯ ಪಕ್ಕ ಇಟ್ಟಳು.

"ನಿನ್ನ ಮಗ ಕಳೀಲಿಲ್ಲ ಕಣಮ್ಮ. ನಾನು ಕೊಂದೆ."

ಎಲ್ಲರ ಕೈಯೂ ನಿಂತಿತು. ಸೂರ್ಯಕಾಂತಮ್ಮ ಎಡಗೈಯಲ್ಲಿ ಅದನ್ನು ಎತ್ತಿ ತಿರುಗಿಸಿದಳು. "ಪೆದ್ದಮ್ಮಗಾರು, ಇದರ ಮೇಲೆ ಏನು ಇಟ್ಟಿರಿ?"

"ಹಂಡೆ."

"ಖಾಲಿಯದಾ?"

"ತುಂಬಿದ್ದು. ಕುದಿಯೋ ನೀರು."

"ಯಾಕಂಡಿ?"

"ನೀನು ಹಂಡೆಗೆ ಸಿಂಬಿ ಕಳ್ಸಿದ್ದೀಯ ಅನ್ಕೊಂಡೆ. ನಿನ್ನ ಬುದ್ಧಿನ ಆವತ್ತು ಟೌನ್‌ಶಿಪ್ಪಿಗೆಲ್ಲ ಹೊಗಳಿದ್ದೆ." ಮುದುಕಿ ಫಣೀಂದ್ರನ ಕಡೆ ತಿರುಗಿದಳು. "ಅಪ್ಪಾ, ತುನಿ ಸ್ಟೇಷನ್ನಿನವರೆಗೂ ನೋಡಿದೆ ಅಂದ್ಯಲ್ಲ, ಏನು ನೋಡ್ದೆ? ಮಾಡದ ತಪ್ಪು ಒಪ್ಕೋಬ್ಯಾಡ. ಒಪ್ಕೊಳ್ಳೋಕೆ ಹೆಂಡ್ರು ಮುಂದೆ ಬೇಕಾದಷ್ಟು ಕೊಡ್ತಾಳೆ."

ಮೊದಲು ನಕ್ಕದ್ದು ಅಮೂಲ್ಯ. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಫಣೀಂದ್ರ ನಗುತ್ತಲೇ ತುಪ್ಪದಲ್ಲಿ ತೇಲುತ್ತಿದ್ದ ಹೋಳಿಗೆಯನ್ನು ಬಾಯಿಗೆ ಹಾಕಿಕೊಂಡ. ಕೇಶವಮೂರ್ತಿ ನೀರು ಕುಡಿಯಲು ಹೋಗಿ ಕೆಮ್ಮಿದ. ಸೂರ್ಯಕಾಂತಮ್ಮ ಮಾತ್ರ ನಗಲಿಲ್ಲ. ಊಟ ಮುಗಿಸಿ, ಕೈ ತೊಳೆದು ಬಂದು, ಸೊಸೆಯನ್ನು ಕೇಳಿದಳು, "ಆ ಸಿಂಬಿ ಇತ್ತ ಕೊಡಮ್ಮ. ಪರೀಕ್ಷೆ ಮಾಡ್ತೀನಿ."

ಗೋಡೆಯ ಪಕ್ಕ ಹಾಕಿಕೊಂಡು ಅದರ ಮೇಲೆ ಕೂತಳು. ಎರಡೂ ಮಗ್ಗುಲಿಗೆ, ಪೂರ್ತಿ ಭಾರ ಬಿಟ್ಟು ಕೂತಳು. ಕಣ್ಣು ತಾನಾಗಿ ಮುಚ್ಚಿತು. ಎಲೆ ಅಡಿಕೆ ಮುಗಿಯಿತು, ಬಂದವರು ಹೋದರು, ಕಾಫಿಯ ಹೊತ್ತಾಯಿತು. ಪರೀಕ್ಷೆ ಮುಗಿಯಲಿಲ್ಲ.

"ಏನಮ್ಮ, ಪಾಸಾ ಫೇಲಾ?" ಎಂದಳು ಲಕ್ಷ್ಮೀಕಾಂತಮ್ಮ.

"ಪೆದ್ದಮ್ಮಗಾರು," ಸೂರ್ಯಕಾಂತಮ್ಮ ಕಣ್ಣು ತೆರೆಯದೆ ಹೇಳಿದಳು, "ತಾಯಿ ಮಗು ಐದು ತಿಂಗಳು ಇಲ್ಲೇ ಇರಲಿ."

ಲಕ್ಷ್ಮೀಕಾಂತಮ್ಮ ಆ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಸದ್ದಿಲ್ಲದೆ ಹಿತ್ತಲಿಗೆ ಹೋಗಿ ಉಳಿದ ಹುಲ್ಲನ್ನು ಬಿಡಿಸಿಕೊಂಡು ಕೂತಳು. ವಾಸಂತಿ ಬಟ್ಟೆ ಎತ್ತಲು ಬಂದಾಗ ದಿಂಬು ಇನ್ನೂ ಒಂದು ಗೇಣು ಕುಳ್ಳಗಾಗಿತ್ತು.

"ಇದು ಯಾರಿಗತ್ತೆ?"

"ಹಂಡೆಗೆ."

"ಹಂಡೆಗೆ ಬೂರುಗದ ಹತ್ತಿನಾ?"

"ವಯಸ್ಸಾದ ಹಂಡೆ. ಅದಕ್ಕೂ ಮೆತ್ತಗಿರಲಿ."

ನಾಲ್ಕು ದಿನ ಕಳೆದು, ಬೀಗರೆಲ್ಲ ಊರಿಗೆ ಹೋದ ಮೇಲೆ, ಕಾಂಪೌಂಡಿನ ಬಳಿ ಹೇಮಾಕ್ಷಿಗೆ ಈ ಕಥೆಯೆಲ್ಲ ಆಯಿತು. ಹೇಳುವಾಗ ಹಂಡೆಯ ನೀರು ಬಚ್ಚಲಿಂದ ಕಾರ್ಖಾನೆಯ ಗೇಟಿನವರೆಗೂ ಹರಿದಿತ್ತು, ಮಗುವಿನ ತೂಕ ಐದು ಕಿಲೋ ಮುಟ್ಟಿತ್ತು.

"ಹಂಗಾದ್ರೆ ನೂರ ಒಂಬತ್ತಾಯ್ತು ಅನ್ನಿ" ಎಂದಳು ಹೇಮಾಕ್ಷಿ.

"ನೂರ ಹತ್ತು ಅನ್ಕೊ."

"ಅದು ಹೆಂಗೆ? ಒಂದೇ ಮಗು ಅಲ್ವಾ?"

ಲಕ್ಷ್ಮೀಕಾಂತಮ್ಮ ಬೆಲ್ಟನ್ನು ಸೀರೆಯ ಮೇಲಿಂದಲೇ ಒಂದು ಸಲ ಬಿಗಿ ಮಾಡಿಕೊಂಡಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಬಚ್ಚಲಿಗೆ ಹೋಗಿ ನೋಡು, ನನ್ನ ಹಂಡೆ ಇನ್ನೂ ಓಲಾಡ್ತಾನೇ ಐತೆ. ತಾಯಿ ಮಗೂನ ಕರ್ಕೊಂಡು ಹೋಗ್ತೀನಿ ಅಂತ ಬಂದೋಳು ಇಬ್ರನ್ನೂ ಇಲ್ಲೇ ಬಿಟ್ಟು ಹೋದ್ಲು. ಬಂದಾಗ ಒಂದೇ ಚೀಲ, ಹೋಗುವಾಗ ಎರಡು. ರತ್ನಾಚಲ್ ಹತ್ತಿ ಸೀಟಿನಾಗೆ ಕೂರೋ ಮುಂಚೆ ಆ ಎರಡನೇ ಚೀಲದೊಳಗೆ ಕೈ ಹಾಕಿ ದುಂಡಗಿನದೊಂದು ತೆಗೆದು ಸೀಟಿನ ಮೇಲೆ ಹಾಕ್ಕೊಂಡ್ಲಂತೆ, ಅಳಿಯಂದ್ರು ಫೋನಿನಾಗೆ ಹೇಳಿದ್ರು. ಆರು ಗಂಟೆ ದಾರಿ, ಒಂದು ಸಲಾನೂ ಎದ್ದು ನಿಲ್ಲಲಿಲ್ಲವಂತೆ. ಈಗ ನೀನೇ ಹೇಳು ನೋಡಾನ ಹೇಮಾಕ್ಷಿ, ಪಟಮಟದಾಗೆ ಯಾವ ಅಂಗಡಿಲಿ ಆ ಕೆಂಪು ರಿಂಗು ಸಿಗ್ತದೆ ಅಂತ ಆ ಮಹಾತಾಯಿಗೆ ಮೊದ್ಲೇ ಗೊತ್ತಿದ್ದದ್ದು ಹೆಂಗೆ?"